ಪಿತ್ತನಾಳದ ಗಾಯ ಕಾಡಿದ ಪ್ರಧಾನಿ ಆಂಟನಿ ಈಡನ್

ಬ್ರಿಟನ್ನಿನ ಪ್ರಧಾನಿಗಳ ಸಾಲಿನಲ್ಲಿ ಸರ್ ಆಂಟನಿ ಈಡನ್ ಅವರ ಹೆಸರು ಬಂದಾಗಲೆಲ್ಲ ಸೂಯೆಜ್ ಕಾಲುವೆಯ ಪ್ರಸ್ತಾಪ ಬಾರದೆ ಇರುವುದಿಲ್ಲ. ಮೂರು ದಶಕಗಳ ಕಾಲ ಅಂತಾರಾಷ್ಟ್ರೀಯ ರಾಜಕಾರಣದಲ್ಲಿ ಗೌರವ ಗಳಿಸಿದ್ದ ಮುತ್ಸದ್ದಿಯೊಬ್ಬರ ಹೆಸರು 1956ರ ಕೆಲವೇ ವಾರಗಳ ವೈಫಲ್ಯದೊಂದಿಗೆ ಶಾಶ್ವತವಾಗಿ ಅಂಟಿಕೊಂಡಿತು. ಆದರೆ ಈಡನ್ ಅವರ ಬದುಕಿನ ದಿಕ್ಕು ಬದಲಾದದ್ದು ಅದಕ್ಕೂ ಮೂರು ವರ್ಷ ಮೊದಲು, ಲಂಡನ್ನಿನ ಶಸ್ತ್ರಚಿಕಿತ್ಸಾ ಕೊಠಡಿಯೊಂದರಲ್ಲಿ. ಪಿತ್ತಕೋಶವನ್ನು ತೆಗೆಯುವ ಸಾಮಾನ್ಯ ಶಸ್ತ್ರಚಿಕಿತ್ಸೆಯಲ್ಲಿ ಅವರ ಪಿತ್ತನಾಳಕ್ಕೆ ಪೆಟ್ಟಾಯಿತು. ಕೆಲವೇ ಮಿಲಿಮೀಟರ್ ಅಗಲದ ಆ ನಾಳ ಮುಂದಿನ 24 ವರ್ಷ ಅವರನ್ನು ಬಿಡದೆ ಕಾಡಿತು.

ಸೈನಿಕ, ಸಂಸದ, ಸಚಿವ

ರಾಬರ್ಟ್ ಆಂಟನಿ ಈಡನ್ ಹುಟ್ಟಿದ್ದು 1897ರ ಜೂನ್ 12ರಂದು, ಇಂಗ್ಲೆಂಡಿನ ಡರ್ಹಮ್ ಪ್ರಾಂತದ ವಿಂಡಲ್‌ಸ್ಟೋನ್ ಎಂಬ ದೊಡ್ಡ ಮನೆಯಲ್ಲಿ. ತಂದೆ ಸರ್ ವಿಲಿಯಂ ಈಡನ್ ಜಮೀನ್ದಾರಿ ಮನೆತನದವರು. ಈಟನ್ ಶಾಲೆಯಲ್ಲಿ ಓದು ಮುಗಿಸುವ ಹೊತ್ತಿಗೆ ಮೊದಲ ಮಹಾಯುದ್ಧ ಆರಂಭವಾಗಿತ್ತು. ಹಿರಿಯಣ್ಣ ಜಾನ್ 1914ರಲ್ಲಿಯೇ ಯುದ್ಧಕ್ಕೆ ಬಲಿಯಾದರು. ನೌಕಾಪಡೆ ಸೇರಿದ್ದ ಕಿರಿಯ ತಮ್ಮ ನಿಕೊಲಸ್ 1916ರ ಜಟ್ಲೆಂಡ್ ಕದನದಲ್ಲಿ ತನ್ನ ಹಡಗಿನೊಂದಿಗೆ ಮುಳುಗಿದಾಗ ಆತನಿಗಿನ್ನೂ 16 ವರ್ಷ. ಸ್ವತಃ ಆಂಟನಿ ಪಶ್ಚಿಮ ರಣರಂಗದ ಕಂದಕಗಳಲ್ಲಿ ಹೋರಾಡಿ, ಗಾಯಗೊಂಡ ಸಹಸೈನಿಕನನ್ನು ಶತ್ರುಗಳ ಗುಂಡಿನ ನಡುವೆ ಹೊತ್ತು ತಂದುದಕ್ಕಾಗಿ ಮಿಲಿಟರಿ ಕ್ರಾಸ್ ಪದಕ ಪಡೆದರು.

ಯುದ್ಧ ಮುಗಿದ ಮೇಲೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪರ್ಷಿಯನ್ ಮತ್ತು ಅರಬ್ಬೀ ಭಾಷೆಗಳನ್ನು ಅಭ್ಯಸಿಸಿ 1922ರಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು. ಮರುವರ್ಷವೇ ಕನ್ಸರ್ವೇಟಿವ್ ಪಕ್ಷದಿಂದ ಸಂಸತ್ತನ್ನು ಪ್ರವೇಶಿಸಿದರು. 1935ರ ಡಿಸೆಂಬರ್‌ನಲ್ಲಿ ವಿದೇಶಾಂಗ ಸಚಿವರಾದಾಗ ಅವರ ವಯಸ್ಸು 38. ಮುಸೊಲಿನಿಯ ಇಟಲಿಯನ್ನು ಓಲೈಸುವ ಪ್ರಧಾನಿ ಚೇಂಬರ್ಲಿನ್ ಅವರ ನೀತಿಯನ್ನು ಒಪ್ಪದೆ 1938ರ ಫೆಬ್ರವರಿಯಲ್ಲಿ ಅಧಿಕಾರ ತೊರೆದರು. ಎರಡನೆಯ ಮಹಾಯುದ್ಧದಲ್ಲಿ ಚರ್ಚಿಲ್ ಅವರ ಬಲಗೈಯಾಗಿ ಮತ್ತೆ ವಿದೇಶಾಂಗ ಖಾತೆ ವಹಿಸಿಕೊಂಡರು. ಯುದ್ಧದ ಕೊನೆಯ ತಿಂಗಳುಗಳು ಅವರಿಗೆ ಕಠಿಣವಾಗಿದ್ದವು. ಕರುಳಿನ ಹುಣ್ಣು ಅವರನ್ನು ಹಾಸಿಗೆ ಹಿಡಿಸಿತು. ವಾಯುಪಡೆಯಲ್ಲಿದ್ದ ಹಿರಿಯ ಮಗ ಸೈಮನ್ 1945ರಲ್ಲಿ ಬರ್ಮಾದಲ್ಲಿ ವಿಮಾನ ದುರಂತಕ್ಕೀಡಾದ.

1951ರಲ್ಲಿ ಚರ್ಚಿಲ್ ಮರಳಿ ಪ್ರಧಾನಿಯಾದಾಗ ಈಡನ್ ಮೂರನೆಯ ಬಾರಿಗೆ ವಿದೇಶಾಂಗ ಸಚಿವರಾದರು. ಮರುವರ್ಷ ಚರ್ಚಿಲ್ ಅವರ ತಮ್ಮನ ಮಗಳು ಕ್ಲಾರಿಸಾ ಅವರನ್ನು ವಿವಾಹವಾದರು. ಚರ್ಚಿಲ್ ಅವರಿಗೆ ಆಗಲೇ ಎಂಬತ್ತು ಸಮೀಪಿಸುತ್ತಿತ್ತು. ಅವರ ಉತ್ತರಾಧಿಕಾರಿ ಯಾರೆಂಬುದರ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಹಿರಿಯರು ಕುರ್ಚಿ ಬಿಡುವುದನ್ನು ಕಾಯುವುದಷ್ಟೇ ಈಡನ್ ಅವರಿಗೆ ಉಳಿದಿತ್ತು.

1953ರ ಏಪ್ರಿಲ್

ಆ ವೇಳೆಗೆ ಹೊಟ್ಟೆನೋವು ಮತ್ತು ಕಾಮಾಲೆ ಈಡನ್ ಅವರನ್ನು ಪದೇ ಪದೇ ಪೀಡಿಸತೊಡಗಿದ್ದವು. ಪಿತ್ತಕೋಶದಲ್ಲಿ ಕಲ್ಲುಗಳಿರುವುದು ಗೊತ್ತಾಯಿತು. ವೈದ್ಯ ಸರ್ ಹೊರೇಸ್ ಇವಾನ್ಸ್ ಶಸ್ತ್ರಚಿಕಿತ್ಸೆಗೆ ಸಲಹೆ ನೀಡಿ ನುರಿತ ತಜ್ಞರ ಹೆಸರುಗಳನ್ನು ಸೂಚಿಸಿದರು. ಈಡನ್ ಆರಿಸಿಕೊಂಡದ್ದು ಹಿಂದೆ ತಮ್ಮ ಅಪೆಂಡಿಕ್ಸ್ ತೆಗೆದಿದ್ದ ಜಾನ್ ಬೇಸಿಲ್ ಹ್ಯೂಮ್ ಅವರನ್ನು. ರೋಗಿ ದೇಶದ ಭಾವಿ ಪ್ರಧಾನಿ. ಪ್ರತಿಯೊಂದು ವಿವರವನ್ನೂ ವಿಚಾರಿಸುತ್ತಿದ್ದವರು ಹಾಲಿ ಪ್ರಧಾನಿ. ಚರ್ಚಿಲ್ ಅವರ ಈ ಕಾಳಜಿ ವೈದ್ಯರ ತಂಡದ ಮೇಲಿನ ಒತ್ತಡವನ್ನು ಹೆಚ್ಚಿಸಿತೆಂದು ಈ ಪ್ರಕರಣವನ್ನು ಅಭ್ಯಸಿಸಿದ ವೈದ್ಯರು ದಾಖಲಿಸಿದ್ದಾರೆ.

ಏಪ್ರಿಲ್ 12ರಂದು ಲಂಡನ್ ಕ್ಲಿನಿಕ್‌ನಲ್ಲಿ ಪಿತ್ತಕೋಶವನ್ನು ತೆಗೆಯಲಾಯಿತು. ಆ ಸಂದರ್ಭದಲ್ಲಿ ಪಿತ್ತನಾಳಕ್ಕೆ ಗಾಯವಾಯಿತು. ಪಿತ್ತರಸ ಸೋರಿತು, ಜ್ವರ ಏರಿತು, ಕಾಮಾಲೆ ಕಾಣಿಸಿಕೊಂಡಿತು. ಏಪ್ರಿಲ್ 29ರಂದು ಗೈ ಬ್ಲಾಕ್‌ಬರ್ನ್ ಎರಡನೆಯ ಶಸ್ತ್ರಚಿಕಿತ್ಸೆ ನಡೆಸಿದರು. ರೋಗಿ ಸಾವಿನ ಅಂಚಿಗೆ ಹೋಗಿ ಬಂದರು. ನಾಳ ಮಾತ್ರ ಸರಿಹೋಗಲಿಲ್ಲ.

ಪಿತ್ತನಾಳದ ದುರಸ್ತಿಯಲ್ಲಿ ಆಗ ಜಗತ್ತಿನಲ್ಲೇ ಹೆಸರಾಗಿದ್ದವರು ಅಮೆರಿಕದ ಬಾಸ್ಟನ್ ನಗರದ ಲೇಹಿ ಕ್ಲಿನಿಕ್‌ನ ಡಾ. ರಿಚರ್ಡ್ ಕ್ಯಾಟೆಲ್. ಅವರು ಆ ದಿನಗಳಲ್ಲಿ ಲಂಡನ್ನಿಗೆ ಬಂದಿದ್ದುದು ಈಡನ್ ಅವರ ಅದೃಷ್ಟ. ಬ್ರಿಟನ್ನಿನ ವಿದೇಶಾಂಗ ಸಚಿವರು ಪರದೇಶದಲ್ಲಿ ಚಿಕಿತ್ಸೆ ಪಡೆಯುವುದು ಚರ್ಚಿಲ್ ಅವರಿಗೆ ಇಷ್ಟವಿರಲಿಲ್ಲ. ಶಸ್ತ್ರಚಿಕಿತ್ಸೆ ಲಂಡನ್ನಿನಲ್ಲಿಯೇ ಆಗಲೆಂದು ಬಯಸಿದರು. ಕ್ಯಾಟೆಲ್ ತಮ್ಮದೇ ತಂಡ, ತಮ್ಮದೇ ಆಸ್ಪತ್ರೆ ಬೇಕೆಂದರು. ಕೊನೆಗೆ ಜೂನ್ 10ರಂದು ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಬ್ಯಾಪ್ಟಿಸ್ಟ್ ಆಸ್ಪತ್ರೆಯಲ್ಲಿ ಮೂರನೆಯ ಶಸ್ತ್ರಚಿಕಿತ್ಸೆ ನಡೆಯಿತು. ಯಕೃತ್ತಿನಿಂದ ಹೊರಬರುವ ನಾಳವನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸಿ, ಜೋಡಣೆ ಮುಚ್ಚಿಹೋಗದಂತೆ ಒಳಗೆ ಕವಲೊಡೆದ ಕೊಳವೆಯೊಂದನ್ನು ಇರಿಸಲಾಯಿತು.

ಈಡನ್ ಬಾಸ್ಟನ್ನಿನಲ್ಲಿ ಚೇತರಿಸಿಕೊಳ್ಳುತ್ತಿರುವಾಗಲೇ, ಜೂನ್ 23ರಂದು, ಲಂಡನ್ನಿನಲ್ಲಿ ಚರ್ಚಿಲ್ ಪಾರ್ಶ್ವವಾಯುವಿಗೆ ತುತ್ತಾದರು. ಆ ಸುದ್ದಿಯನ್ನು ಜನರಿಂದ ಮುಚ್ಚಿಡಲಾಯಿತು. ಈಡನ್ ಆರೋಗ್ಯವಾಗಿದ್ದಿದ್ದರೆ ಆ ಬೇಸಿಗೆಯಲ್ಲಿಯೇ ಅಧಿಕಾರ ಅವರ ಕೈಸೇರುವ ಸಾಧ್ಯತೆ ಬಹಳವಿತ್ತು. ಅವರು ಕೆಲಸಕ್ಕೆ ಮರಳಿದ್ದು ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಚರ್ಚಿಲ್ ಚೇತರಿಸಿಕೊಂಡು ಕುರ್ಚಿಯಲ್ಲಿ ಮತ್ತೆ ಭದ್ರವಾಗಿ ಕುಳಿತಿದ್ದರು.

ನಾಳ ಕಿರಿದಾದರೆ ಆಗುವುದೇನು?

ಯಕೃತ್ತು ತಯಾರಿಸುವ ಪಿತ್ತರಸ ಸಣ್ಣ ಸಣ್ಣ ನಾಳಗಳ ಮೂಲಕ ಹರಿದು, ಅವು ಹೊಳೆಗಳಂತೆ ಕೂಡಿ, ಒಂದೇ ಮುಖ್ಯನಾಳವಾಗಿ ಸಣ್ಣಕರುಳನ್ನು ಸೇರುತ್ತದೆ. ಪಿತ್ತಕೋಶ ಈ ಮುಖ್ಯನಾಳದ ಪಕ್ಕಕ್ಕೆ ಅಂಟಿಕೊಂಡ ಸಂಗ್ರಹದ ಚೀಲ. ಅದಿಲ್ಲದೆಯೂ ಮನುಷ್ಯ ಬದುಕಬಲ್ಲ, ಮುಖ್ಯನಾಳವಿಲ್ಲದೆ ಬದುಕಲಾರ. ಚೀಲವನ್ನು ತೆಗೆಯುವಾಗ ನಾಳ ತುಂಡಾದರೆ, ಕಟ್ಟುಬಿದ್ದರೆ ಅಥವಾ ಅದರ ರಕ್ತಪೂರೈಕೆ ಕೆಟ್ಟರೆ ಗಾಯ ಮಾಯುವಾಗ ಅಲ್ಲಿ ಗಡುಸಾದ ಅಂಗಾಂಶ ಬೆಳೆಯುತ್ತದೆ. ನಾಳ ಕಿರಿದಾಗುತ್ತದೆ. ಪಿತ್ತರಸ ಹಿಂದೆ ನಿಲ್ಲುತ್ತದೆ. ನಿಂತ ನೀರು ಕೆಡುವಂತೆ ನಿಂತ ಪಿತ್ತದಲ್ಲಿಯೂ ಸೋಂಕು ಬೆಳೆಯುತ್ತದೆ. ಇದ್ದಕ್ಕಿದ್ದಂತೆ ಚಳಿ, ನಡುಕ, ವಿಪರೀತ ಜ್ವರ, ಕಣ್ಣು ಹಳದಿಯಾಗುವುದು ಇದರ ಲಕ್ಷಣಗಳು. ಚಿಕಿತ್ಸೆಯಾಗದಿದ್ದರೆ ಯಕೃತ್ತೇ ಹಾಳಾಗುತ್ತದೆ.

ದುರಸ್ತಿಯಾದ ಜೋಡಣೆಯೂ ವರ್ಷಗಳ ಅನಂತರ ಮತ್ತೆ ಕಿರಿದಾಗಬಲ್ಲದು. ಈಡನ್ ಅವರ ವಿಷಯದಲ್ಲಿ ಆದದ್ದು ಇದೇ. 1953ರ ಬಳಿಕ ಅವರು ಹೊರನೋಟಕ್ಕೆ ಗುಣಮುಖರಾದಂತೆ ಕಂಡರೂ ಜ್ವರ ಯಾವಾಗ ಮರುಕಳಿಸುವುದೆಂದು ಹೇಳುವಂತಿರಲಿಲ್ಲ. ನಾಳದ ಒಳಗೆ ಏನಾಗುತ್ತಿದೆ ಎಂದು ನೋಡಲು, ಕಿರಿದಾದ ಜಾಗವನ್ನು ಹಿಗ್ಗಿಸಲು ಅಂದಿನ ವೈದ್ಯರಿಗೆ ಇದ್ದ ದಾರಿ ಹೊಟ್ಟೆಯನ್ನು ಮತ್ತೆ ಕೊಯ್ಯುವುದೊಂದೇ.

ಯಶಸ್ಸಿನ ವರ್ಷ, ಸೋಲಿನ ವರ್ಷ

ಇಷ್ಟರ ನಡುವೆಯೂ 1954 ಈಡನ್ ಅವರ ಬದುಕಿನ ಅತ್ಯಂತ ಫಲಪ್ರದ ವರ್ಷವಾಯಿತು. ಇಂಡೋಚೀನಾದ ಯುದ್ಧ ನಿಲ್ಲಿಸಲು ಜಿನೀವಾದಲ್ಲಿ ನಡೆದ ಸಮ್ಮೇಳನಕ್ಕೆ ಅವರು ಸೋವಿಯತ್ ಒಕ್ಕೂಟದ ಮೊಲೊಟೊವ್ ಅವರೊಂದಿಗೆ ಸಹಾಧ್ಯಕ್ಷರಾಗಿದ್ದರು. ಭಾರತದ ವಿ.ಕೆ. ಕೃಷ್ಣ ಮೆನನ್ ಸಭೆಯ ಹೊರಗೆ ನಿಯೋಗಗಳ ನಡುವೆ ಓಡಾಡಿ ಸಂಧಾನಕ್ಕೆ ನೆರವಾದರು. ಜುಲೈನಲ್ಲಿ ಒಪ್ಪಂದವಾಯಿತು. ಕದನವಿರಾಮದ ಮೇಲ್ವಿಚಾರಣೆಗೆ ರಚಿತವಾದ ಆಯೋಗದ ಅಧ್ಯಕ್ಷತೆ ಭಾರತಕ್ಕೆ ದೊರೆಯಿತು. ಅದೇ ವರ್ಷ ಸೂಯೆಜ್ ನೆಲೆಯಿಂದ ಬ್ರಿಟಿಷ್ ಪಡೆಗಳನ್ನು ಹಿಂತೆಗೆಯುವ ಒಪ್ಪಂದವನ್ನು ಈಜಿಪ್ಟಿನೊಂದಿಗೆ ಮಾಡಿಕೊಂಡವರೂ ಈಡನ್ ಅವರೇ. 1955ರ ಫೆಬ್ರವರಿಯಲ್ಲಿ ಕೈರೋದಲ್ಲಿ ನಾಸೆರ್ ಅವರನ್ನು ಭೇಟಿಯಾದಾಗ ಅವರು ಅರಬ್ಬೀ ಭಾಷೆಯಲ್ಲಿಯೇ ಮಾತಿಗಿಳಿದಿದ್ದರು.

1955ರ ಏಪ್ರಿಲ್ 6ರಂದು ಈಡನ್ ಕೊನೆಗೂ ಪ್ರಧಾನಿಯಾದರು. ಮರುವರ್ಷದ ಜುಲೈ 26ರಂದು ನಾಸೆರ್ ಸೂಯೆಜ್ ಕಾಲುವೆ ಕಂಪನಿಯನ್ನು ರಾಷ್ಟ್ರೀಕರಣ ಮಾಡಿದರು. ಯುರೋಪಿಗೆ ಬರುವ ತೈಲದ ಬಹುಪಾಲು ಆ ಕಾಲುವೆಯ ಮೂಲಕ ಸಾಗುತ್ತಿತ್ತು. ಮೂವತ್ತರ ದಶಕದ ಸರ್ವಾಧಿಕಾರಿಗಳನ್ನು ಕಣ್ಣಾರೆ ಕಂಡಿದ್ದ ಈಡನ್ ಅವರಿಗೆ ನಾಸೆರ್ ಅವರಲ್ಲಿ ಮುಸೊಲಿನಿಯೇ ಕಾಣಿಸಿದರು.

ಬಿಕ್ಕಟ್ಟು ತೀವ್ರವಾಗುತ್ತಿದ್ದ ವೇಳೆಯಲ್ಲಿ, ಅಕ್ಟೋಬರ್ 5ರಂದು, ಆಸ್ಪತ್ರೆಯಲ್ಲಿದ್ದ ಪತ್ನಿಯನ್ನು ನೋಡಲು ಹೋಗಿದ್ದ ಈಡನ್ ಅಲ್ಲಿಯೇ ಚಳಿಯಿಂದ ನಡುಗತೊಡಗಿದರು. ಜ್ವರ 106 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು. ಪಿತ್ತನಾಳದ ಸೋಂಕು ಮರುಕಳಿಸಿತ್ತು. ಅದೇ ಆಸ್ಪತ್ರೆಯಲ್ಲಿ ಎರಡು ಮೂರು ದಿನ ಕಳೆದು ಅವರು ಕಚೇರಿಗೆ ಮರಳಿದರು. ಒಂದು ವಾರ ಕಳೆಯುವುದರೊಳಗೆ, ಅಕ್ಟೋಬರ್ 14ರಂದು, ಫ್ರಾನ್ಸಿನ ದೂತರು ಗುಟ್ಟಿನ ಯೋಜನೆಯೊಂದನ್ನು ಅವರ ಮುಂದಿಟ್ಟರು. ಇಸ್ರೇಲ್ ಈಜಿಪ್ಟಿನ ಮೇಲೆ ದಾಳಿ ಮಾಡುವುದು. ಕಾಲುವೆಯ ರಕ್ಷಣೆಯ ಹೆಸರಿನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಪ್ರವೇಶಿಸುವುದು. ಅಕ್ಟೋಬರ್ 24ರಂದು ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿ ಗುಪ್ತ ಒಪ್ಪಂದಕ್ಕೆ ಸಹಿ ಬಿತ್ತು. ಐದು ದಿನಗಳ ಬಳಿಕ ಇಸ್ರೇಲ್ ದಾಳಿ ಮಾಡಿತು. ನವೆಂಬರ್ 5ರಂದು ಬ್ರಿಟಿಷ್ ಹಾಗೂ ಫ್ರೆಂಚ್ ಛತ್ರಿಸೈನಿಕರು ಈಜಿಪ್ಟಿನಲ್ಲಿ ಇಳಿದರು.

ಅಮೆರಿಕ ಕೆರಳಿತು. ಪೌಂಡಿನ ಬೆಲೆ ಕುಸಿಯತೊಡಗಿತು. ವಿಶ್ವಸಂಸ್ಥೆಯಲ್ಲಿ ಬ್ರಿಟನ್ ಒಂಟಿಯಾಯಿತು. ನೆಹರೂ ಅವರ ಭಾರತ ಸರ್ಕಾರ ದಾಳಿಯನ್ನು ಬಲವಾಗಿ ಖಂಡಿಸಿತು. ನವೆಂಬರ್ 6ರ ಮಧ್ಯರಾತ್ರಿಗೆ ಕದನವಿರಾಮ ಒಪ್ಪಬೇಕಾಯಿತು. ಕಾಲುವೆಯ ವಲಯಕ್ಕೆ ಹೋದ ವಿಶ್ವಸಂಸ್ಥೆಯ ತುರ್ತು ಪಡೆಯಲ್ಲಿ ಭಾರತದ ಯೋಧರೂ ಇದ್ದರು.

ಈ ತೀರ್ಮಾನಗಳಿಗೆ ಪಿತ್ತನಾಳವೇ ಕಾರಣವೆಂದು ಹೇಳುವುದು ಅತಿಸರಳವಾದೀತು. ಸಂಪುಟದ ಹಲವರು ಸೇನಾಕ್ರಮದ ಪರವಾಗಿದ್ದರು. ಫ್ರಾನ್ಸಿಗೆ ತನ್ನದೇ ಕಾರಣಗಳಿದ್ದವು. ಆದರೆ ಈಡನ್ ಆ ದಿನಗಳಲ್ಲಿ ಸರಿಯಾಗಿ ನಿದ್ರಿಸುತ್ತಿರಲಿಲ್ಲ. ನೋವಿಗೆ ಪೆಥಿಡಿನ್, ನಿದ್ರೆಗೆ ಬಾರ್ಬಿಚುರೇಟ್, ಹಗಲಿನ ಚೈತನ್ಯಕ್ಕೆ ಆಂಫೆಟಮಿನ್ ಬೆರೆತ ಮಾತ್ರೆ ಅವರ ಆಸರೆಯಾಗಿದ್ದವು. ಸ್ವತಃ ವೈದ್ಯರೂ ಬ್ರಿಟನ್ನಿನ ಮಾಜಿ ವಿದೇಶಾಂಗ ಸಚಿವರೂ ಆದ ಡೇವಿಡ್ ಓವೆನ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಕಾಯಿಲೆ ಮತ್ತು ಔಷಧಗಳು ಪ್ರಧಾನಿಯ ವಿವೇಚನೆಯ ಮೇಲೆ ಪ್ರಭಾವ ಬೀರಿದ್ದವೆಂದು ವಾದಿಸಿದರು. ಇದನ್ನು ಒಪ್ಪದ ಇತಿಹಾಸಕಾರರೂ ಇದ್ದಾರೆ. ದೊಡ್ಡ ತೀರ್ಮಾನಗಳ ಹೊತ್ತಿನಲ್ಲಿ ಅವರು ಅಸ್ವಸ್ಥರಾಗಿದ್ದರು ಎಂಬುದರ ಬಗ್ಗೆ ಮಾತ್ರ ವಿವಾದವಿಲ್ಲ.

ನವೆಂಬರ್ 23ರಂದು ವೈದ್ಯರ ಸಲಹೆಯಂತೆ ವಿಶ್ರಾಂತಿಗಾಗಿ ಜಮೈಕಾಕ್ಕೆ ಹೊರಟ ಈಡನ್ ಮರಳಿದಾಗ ಪಕ್ಷದ ಬೆಂಬಲ ಕರಗಿತ್ತು. ಡಿಸೆಂಬರ್ 20ರಂದು ಸಂಸತ್ತಿನಲ್ಲಿ, ಇಸ್ರೇಲಿನ ದಾಳಿಯ ಬಗ್ಗೆ ತಮಗೆ ಮುಂಚಿತವಾಗಿ ಗೊತ್ತಿರಲಿಲ್ಲವೆಂದು ಅವರು ಹೇಳಿಕೆ ನೀಡಿದರು. ಅದು ನಿಜವಾಗಿರಲಿಲ್ಲ. ಜ್ವರ ಮತ್ತೆ ಬಂದಿತ್ತು. ವೈದ್ಯರು ಎಚ್ಚರಿಕೆ ನೀಡಿದರು. 1957ರ ಜನವರಿ 9ರಂದು ಅವರು ಅನಾರೋಗ್ಯದ ಕಾರಣ ನೀಡಿ ರಾಜೀನಾಮೆ ಸಲ್ಲಿಸಿದರು. ಆ ಕಾರಣ ನೆಪವೆಂದು ಹಲವರು ಭಾವಿಸಿದರು. ಆದರೆ ನಾಳ ನಿಜವಾಗಿಯೂ ಮತ್ತೆ ಕಿರಿದಾಗಿತ್ತು. ಅದೇ ಏಪ್ರಿಲ್‌ನಲ್ಲಿ ಬಾಸ್ಟನ್ನಿನಲ್ಲಿ ಕ್ಯಾಟೆಲ್ ಎರಡನೆಯ ಬಾರಿಗೆ ಅವರ ಹೊಟ್ಟೆಯನ್ನು ತೆರೆಯಬೇಕಾಯಿತು. 1970ರಲ್ಲಿ ಮತ್ತೊಮ್ಮೆ ಅದೇ ನಗರ, ಮತ್ತೊಂದು ಶಸ್ತ್ರಚಿಕಿತ್ಸೆ. ಕ್ಯಾಟೆಲ್ ಅಷ್ಟರಲ್ಲಿ ತೀರಿಕೊಂಡಿದ್ದರಿಂದ ಲೇಹಿ ಕ್ಲಿನಿಕ್‌ನ ಡಾ. ಜಾನ್ ಬ್ರಾಶ್ ಅದನ್ನು ನಡೆಸಿದರು. 17 ವರ್ಷಗಳಲ್ಲಿ ಐದು ಬಾರಿ ಈಡನ್ ಅವರ ಹೊಟ್ಟೆಯನ್ನು ತೆರೆಯಲಾಗಿತ್ತು.

ಅವರ ಕಾಲದಲ್ಲಿಯೇ ಮೂಡುತ್ತಿದ್ದ ದಾರಿ

ಹೊಟ್ಟೆ ಕೊಯ್ಯದೆ ಪಿತ್ತನಾಳವನ್ನು ತಲುಪುವ ದಾರಿಯ ಬೀಜಗಳು ಈಡನ್ ಅವರ ಬದುಕಿನುದ್ದಕ್ಕೂ ಅಲ್ಲಲ್ಲಿ ಬೀಳುತ್ತಿದ್ದವು ಎಂಬುದು ಗಮನಾರ್ಹ. 1937ರಲ್ಲಿಯೇ, ಅವರು ಮೊದಲ ಬಾರಿಗೆ ವಿದೇಶಾಂಗ ಸಚಿವರಾಗಿದ್ದಾಗ, ಇಂಡೋಚೀನಾದ ಹನೋಯ್ ನಗರದಲ್ಲಿ ಪಿಯೆರ್ ಹುವಾರ್ ಮತ್ತು ದೊ ಶುವಾನ್ ಹೊಪ್ ಎಂಬ ವೈದ್ಯರು ಚರ್ಮದ ಮೂಲಕ ಯಕೃತ್ತಿಗೆ ಸೂಜಿ ಚುಚ್ಚಿ, ಪಿತ್ತನಾಳಕ್ಕೆ ಬಣ್ಣದ್ರವ್ಯ ಹರಿಸಿ ಕ್ಷ-ಕಿರಣದ ಚಿತ್ರ ತೆಗೆದ ವರದಿ ಪ್ರಕಟಿಸಿದ್ದರು. 1953ರಲ್ಲಿ, ಈಡನ್ ಮೂರು ಶಸ್ತ್ರಚಿಕಿತ್ಸೆಗಳಿಗೆ ಒಳಗಾದ ವರ್ಷವೇ, ಸ್ವೀಡನ್ನಿನ ಸ್ವೆನ್ ಇವಾರ್ ಸೆಲ್ಡಿಂಗರ್ ರಕ್ತನಾಳ ತಲುಪುವ ಸರಳ ಉಪಾಯವನ್ನು ಪ್ರಕಟಿಸಿದರು. ಮೊದಲು ಸೂಜಿ, ಸೂಜಿಯೊಳಗಿಂದ ಬಳುಕುವ ತಂತಿ, ಸೂಜಿ ತೆಗೆದು ತಂತಿಯ ಮೇಲಿಂದ ಕೊಳವೆ. ಮುಂದೆ ಈ ಉಪಾಯವೇ ಪಿತ್ತನಾಳಕ್ಕೂ ಬಳಕೆಗೆ ಬಂದಿತು.

1974ರಲ್ಲಿ ಅಮೆರಿಕದ ಮೋಲ್ನಾರ್ ಮತ್ತು ಸ್ಟೋಕಮ್ ಎಂಬ ಕ್ಷ-ಕಿರಣ ತಜ್ಞರು ಚರ್ಮದ ಮೂಲಕ ಯಕೃತ್ತಿನೊಳಗೆ ಕೊಳವೆ ಹಾಯಿಸಿ, ತಡೆಯಾಗಿ ನಿಂತ ಪಿತ್ತವನ್ನು ಹರಿಸುವ ಚಿಕಿತ್ಸೆಯನ್ನು ವಿವರಿಸಿದರು. 1978ರಲ್ಲಿ ಇದೇ ಇಬ್ಬರು, ಪಿತ್ತನಾಳವನ್ನು ಕರುಳಿಗೆ ಜೋಡಿಸಿದ ಜಾಗ ಕಿರಿದಾದಾಗ ಅದನ್ನು ಇದೇ ದಾರಿಯಿಂದ ಹಿಗ್ಗಿಸುವ ಬಗ್ಗೆ ಬರೆದರು. ಈಡನ್ ಅವರನ್ನು ಕಾಡಿದ ತೊಂದರೆ ಇದೇ ಬಗೆಯದು. ಆ ಬರಹ ಹೊರಬಂದಾಗ ಅವರು ತೀರಿಕೊಂಡು ಒಂದು ವರ್ಷವಾಗಿತ್ತು.

ಇಂದು ಈ ಚಿಕಿತ್ಸೆ ದೊಡ್ಡ ಆಸ್ಪತ್ರೆಗಳಲ್ಲಿ ರೂಢಿಗೆ ಬಂದಿದೆ. ಸೋಂಕು ಹರಡದಂತೆ ಮೊದಲೇ ಆ್ಯಂಟಿಬಯಾಟಿಕ್ ನೀಡಲಾಗುತ್ತದೆ. ರೋಗಿಗೆ ಮಂಪರು ಬರಿಸಿ, ಪಕ್ಕೆಲುಬುಗಳ ನಡುವಿನ ಚರ್ಮವನ್ನು ಮರಗಟ್ಟಿಸಲಾಗುತ್ತದೆ. ಅಲ್ಟ್ರಾಸೌಂಡ್ ಪರದೆಯಲ್ಲಿ ಉಬ್ಬಿದ ಪಿತ್ತನಾಳವನ್ನು ಗುರುತಿಸಿ, ಅದರೊಳಕ್ಕೆ ತೆಳುವಾದ ಸೂಜಿಯನ್ನು ಚುಚ್ಚುತ್ತಾರೆ. ಬಣ್ಣದ್ರವ್ಯ ಹರಿಸಿದಾಗ ಕ್ಷ-ಕಿರಣದ ಪರದೆಯ ಮೇಲೆ ಇಡೀ ನಾಳಗಳ ಜಾಲ ಮರದ ಕೊಂಬೆಗಳಂತೆ ಮೂಡುತ್ತದೆ. ಎಲ್ಲಿ ಕಿರಿದಾಗಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಸೂಜಿಯ ಮೂಲಕ ತಂತಿ ಹಾಯಿಸಿ, ಕಿರಿದಾದ ಜಾಗವನ್ನು ದಾಟಿಸಿ ಕರುಳಿಗೆ ಇಳಿಸುತ್ತಾರೆ. ತಂತಿಯ ಮೇಲೆ ಸಾಗುವ ಪುಟ್ಟ ಬಲೂನನ್ನು ಅಲ್ಲಿ ಉಬ್ಬಿಸಿ ನಾಳವನ್ನು ಹಿಗ್ಗಿಸುತ್ತಾರೆ. ಬಳಿಕ ತೂತುಗಳಿರುವ ಕೊಳವೆಯೊಂದನ್ನು ಕೆಲವು ತಿಂಗಳು ಅಲ್ಲಿಯೇ ಬಿಟ್ಟು, ಆಗಾಗ ಬದಲಿಸುತ್ತ, ನಾಳ ಅಗಲವಾಗಿಯೇ ಮಾಯುವಂತೆ ನೋಡಿಕೊಳ್ಳುತ್ತಾರೆ.

ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ನಾಳ ತಲುಪುವ ಮಾರ್ಗವೂ ಇದೆ; ಹಲವರಿಗೆ ಅದೇ ಮೊದಲ ಆಯ್ಕೆ. ಆದರೆ ಈಡನ್ ಅವರಂತೆ ನಾಳವನ್ನು ಕರುಳಿನ ಬೇರೆಡೆಗೆ ಜೋಡಿಸಿದವರಲ್ಲಿ ಎಂಡೋಸ್ಕೋಪ್ ಅಲ್ಲಿಗೆ ಮುಟ್ಟುವುದು ಕಷ್ಟ. ಅಂಥವರಿಗೆ ಪಕ್ಕೆಯ ಸೂಜಿದಾರಿಯೇ ಆಧಾರ. ಇದಕ್ಕೂ ಅಪಾಯಗಳಿವೆ. ರಕ್ತಸ್ರಾವವಾಗಬಹುದು, ಪಿತ್ತ ಸೋರಬಹುದು, ಸೋಂಕು ಕೆರಳಬಹುದು. ಹಿಗ್ಗಿಸಿದ ನಾಳ ಮತ್ತೆ ಕಿರಿದಾಗುವುದೂ ಉಂಟು. ನಾಳ ಪೂರ್ತಿ ತುಂಡಾಗಿದ್ದರೆ ನುರಿತ ಶಸ್ತ್ರವೈದ್ಯರ ಕೈಯೇ ಬೇಕು. ಆದರೂ ಜ್ವರ ಬಂದಾಗಲೆಲ್ಲ ಹೊಟ್ಟೆಯನ್ನು ಕೊಯ್ಯಬೇಕೇ ಅಥವಾ ಮಾತ್ರೆ ನುಂಗಿ ಸಹಿಸಬೇಕೇ ಎಂಬ ಈಡನ್ ಕಾಲದ ಇಕ್ಕಟ್ಟು ಇಂದಿನ ರೋಗಿಗೆ ಅಷ್ಟಾಗಿ ಇಲ್ಲ.

ಪಿತ್ತಕೋಶ ತೆಗೆಯುವ ಕ್ರಮವೂ ಬದಲಾಗಿದೆ. ಎಂಬತ್ತರ ದಶಕದ ಕೊನೆಯಿಂದ ಸಣ್ಣ ರಂಧ್ರಗಳ ಮೂಲಕ ನಡೆಸುವ ಲ್ಯಾಪರೊಸ್ಕೋಪಿಕ್ ಶಸ್ತ್ರಚಿಕಿತ್ಸೆ ಎಲ್ಲೆಡೆ ಹರಡಿತು. ರೋಗಿ ಬೇಗನೆ ಮನೆಗೆ ಮರಳುತ್ತಾನೆ. ಆದರೆ ನಾಳಕ್ಕೆ ಗಾಯವಾಗುವ ಭಯ ಪೂರ್ತಿ ಹೋಗಿಲ್ಲ. ಸಾವಿರ ಮಂದಿಯಲ್ಲಿ ಸುಮಾರು ಮೂರರಿಂದ ಐದು ಮಂದಿಗೆ ಹೀಗಾಗುತ್ತದೆಂಬುದು ಬಹುಕಾಲ ಉಲ್ಲೇಖವಾಗುತ್ತ ಬಂದಿರುವ ಅಂದಾಜು. ಶಸ್ತ್ರಚಿಕಿತ್ಸೆಯಾದ ತಿಂಗಳುಗಳ ಅಥವಾ ವರ್ಷಗಳ ಮೇಲೆ ಚಳಿಜ್ವರ, ಕಾಮಾಲೆ ಕಾಣಿಸಿಕೊಂಡರೆ ಅದನ್ನು ಸಾಮಾನ್ಯ ಜ್ವರವೆಂದು ಕಡೆಗಣಿಸದೆ ಪಿತ್ತನಾಳವನ್ನು ಪರೀಕ್ಷಿಸಬೇಕೆಂದು ತಜ್ಞರು ಹೇಳುವುದು ಇದಕ್ಕಾಗಿಯೇ.

ಕೊನೆಯ ವರ್ಷಗಳು

ಅಧಿಕಾರ ಬಿಟ್ಟ ಮೇಲೆ ಈಡನ್ ಎರಡು ದಶಕ ಬದುಕಿದರು. 1961ರಲ್ಲಿ ಅರ್ಲ್ ಆಫ್ ಏವನ್ ಎಂಬ ಬಿರುದು ಪಡೆದು ಮೇಲ್ಮನೆ ಸೇರಿದರು. ಮೂರು ಸಂಪುಟಗಳಲ್ಲಿ ರಾಜಕೀಯ ಜೀವನದ ನೆನಪುಗಳನ್ನು ಬರೆದರು. ವಿಲ್ಟ್‌ಶೈರ್ ಪ್ರಾಂತದ ಆಲ್ವೆಡಿಸ್ಟನ್ ಎಂಬ ಹಳ್ಳಿಯಲ್ಲಿ ಮನೆ ಮಾಡಿ ಹೆರೆಫರ್ಡ್ ತಳಿಯ ದನಗಳನ್ನು ಸಾಕಿದರು. 1976ರಲ್ಲಿ ಪ್ರಕಟವಾದ ಅವರ ಕೊನೆಯ ಪುಸ್ತಕದಲ್ಲಿ ಸೂಯೆಜ್ ಇಲ್ಲ, ಅಧಿಕಾರವಿಲ್ಲ. ಬಾಲ್ಯ ಮತ್ತು ಮೊದಲ ಮಹಾಯುದ್ಧದ ಕಂದಕಗಳ ನೆನಪುಗಳಷ್ಟೇ ಅದರಲ್ಲಿವೆ.

ಆ ವರ್ಷದ ಕೊನೆಯಲ್ಲಿ ಅಮೆರಿಕದಲ್ಲಿದ್ದಾಗ ಅವರ ಸ್ಥಿತಿ ಬಿಗಡಾಯಿಸಿತು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ದೇಹದ ಇತರೆಡೆಗೆ ಹರಡಿತ್ತು. ಪ್ರಧಾನಿ ಜೇಮ್ಸ್ ಕ್ಯಾಲಹನ್ ವಾಯುಪಡೆಯ ವಿಮಾನ ಕಳುಹಿಸಿ ಅವರನ್ನು ತಾಯ್ನಾಡಿಗೆ ಕರೆಸಿಕೊಂಡರು. 1977ರ ಜನವರಿ 14ರಂದು, ತಮ್ಮ 79ನೆಯ ವಯಸ್ಸಿನಲ್ಲಿ, ಆಲ್ವೆಡಿಸ್ಟನ್‌ನಲ್ಲಿ ಈಡನ್ ಕೊನೆಯುಸಿರೆಳೆದರು. ಹಳ್ಳಿಯ ಚರ್ಚಿನ ಅಂಗಳದಲ್ಲಿ ಅವರ ಸಮಾಧಿಯಿದೆ.

ಇತಿಹಾಸದ ಪುಸ್ತಕಗಳು ಈಡನ್ ಅವರನ್ನು ಸೂಯೆಜ್‌ನ ಅಧ್ಯಾಯದಲ್ಲಿ ನೆನೆಯುತ್ತವೆ. ವೈದ್ಯಕೀಯ ನಿಯತಕಾಲಿಕಗಳು ಅವರ ಪಿತ್ತನಾಳವನ್ನು ಕುರಿತು ಇಂದಿಗೂ ಬರೆಯುತ್ತವೆ. ಒಂದು ಶಸ್ತ್ರಚಿಕಿತ್ಸೆಯ ಗಾಯ ಸಾಮ್ರಾಜ್ಯವೊಂದರ ಇಳಿಗಾಲಕ್ಕೆ ಎಷ್ಟು ಕಾರಣವಾಯಿತೆಂದು ಯಾರೂ ಅಳೆದು ಹೇಳಲಾರರು. ಆದರೆ ಅಧಿಕಾರದ ತುತ್ತತುದಿಯಲ್ಲಿದ್ದು, ಜಗತ್ತಿನ ಶ್ರೇಷ್ಠ ಶಸ್ತ್ರವೈದ್ಯರು ಕೈಗೆಟುಕಿದ್ದರೂ ಈಡನ್ ಅವರಿಗೆ ದೊರೆಯದೆ ಹೋದ ಚಿಕಿತ್ಸೆ ಇಂದು ಸಾಮಾನ್ಯ ರೋಗಿಗೂ ಸೂಜಿಯ ಮೊನೆಯಷ್ಟು ಗಾಯದಲ್ಲಿ ಸಿಗುತ್ತಿದೆ.